ಕೈ ಬಿಟ್ಟರೂ ಬೀಳದ್ದು

ಏಪ್ರಿಲ್ 14, ಭಾನುವಾರ

ನನ್ನ ಹಳದಿ ವಿಮಾನ ಇವತ್ತು ಹೋಯಿತು. ಮೂಗು ಪುಡಿಪುಡಿ, ಎಡ ರೆಕ್ಕೆ ಎರಡು ತುಂಡು, ಬಾಲ ಎಲ್ಲಿ ಬಿತ್ತೋ ಇನ್ನೂ ಸಿಕ್ಕಿಲ್ಲ. ತಾಮ್ರದ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವುದು ಬಿಟ್ಟು ಪಿಂಚಣಿಗೆ ಬಂದ ವರ್ಷ ನನ್ನ ಕೈಯಾರೆ ಕಟ್ಟಿದ, ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನ. ಚಳಿಗಾಲ ಬಿಟ್ಟರೆ ನಮ್ಮ ಬಲ್ಖಾಶ್ ಊರಿನ ಹಳೇ ವಿಮಾನ ನಿಲ್ದಾಣದ ಮೇಲೆ ಅದು ಹಾರದ ಭಾನುವಾರವೇ ಇರಲಿಲ್ಲ.

ಇಳಿಸುವಾಗ ಸರೋವರದ ಕಡೆಯಿಂದ ಗಾಳಿ ಬಂದು ಪಕ್ಕಕ್ಕೆ ಒದ್ದಿತು. ಆದದ್ದು ಇಷ್ಟೇ. ನಾವು ಚಹಾಕ್ಕೆ ಕೂರುವ ಮೇಜಿನ ಮೇಲೆ ಹಾದು ಸಿಮೆಂಟು ಕಟ್ಟೆಗೆ ಬಡಿಯಿತು. ಕಿಮ್‌ನ ಸೊಸೆ ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಅಲ್ಲೇ ನಿಂತಿದ್ದಳು. ಊರು ಒಂದಾಗುವಂತೆ ಕಿರುಚಿದಳು. ತಳ್ಳುಗಾಡಿಗೂ ವಿಮಾನಕ್ಕೂ ಬೇಕಾದಷ್ಟು ಅಂತರ ಇತ್ತು.

ಕಿಮ್ ನನ್ನ ಹಳೆಯ ಗೆಳೆಯ, ನಮ್ಮ ಹಾರಾಟದ ಕ್ಲಬ್ಬಿಗೆ ಅವನೇ ಯಜಮಾನ. ಚೂರುಗಳನ್ನು ಆರಿಸಿಕೊಡುತ್ತಾ, "ಯಾವ ಗಾಳಿಯೋ ಕಾಯಿರ್‌ಜಾನ್? ನನ್ನ ಸಿಗರೇಟಿನ ಹೊಗೆ ನೆಟ್ಟಗೆ ಮೇಲಕ್ಕೆ ಹೋಗ್ತಿತ್ತು" ಎಂದ.

"ಕೆಳಗಿರಲಿಲ್ಲ, ಮೇಲಿತ್ತು" ಎಂದೆ.

ನನ್ನ ತಂಗಿ ಶಾರ್ಬಾನುವಿನ ಮಗ ಎಲ್ದೋಸ್ ಕೂಡ ಅಲ್ಲಿದ್ದ. ಮದುವೆಮನೆಗಳಲ್ಲಿ ಡ್ರೋನ್ ಹಾರಿಸಿ ವಿಡಿಯೋ ತೆಗೆಯುವುದು ಅವನ ಕಸುಬು. "ಹೊಸದು ಕಟ್ಟೋದ್ಯಾಕೆ ಮಾವ? ಈ ಸಲ ಡ್ರೋನ್ ತಗೊಳ್ಳಿ. ಕೈ ಬಿಟ್ರೂ ಬೀಳಲ್ಲ" ಎಂದ. ವಿಮಾನದ ಹೆಣ ಇನ್ನೂ ಕೈಯಲ್ಲಿದೆ, ಆಗಲೇ ಬೇರೆ ಸಂಬಂಧ ನೋಡುತ್ತಿದ್ದಾನೆ.

ಮನೆಯಲ್ಲಿ ಬೈಯತೊಡಗಿದರೆ ಹೆಂಡತಿ ಜುಪಾರ್ ಟಿವಿ ಜೋರು ಮಾಡುತ್ತಾಳೆ. ಅದಕ್ಕೇ ಇನ್ನು ಈ ಪುಸ್ತಕದಲ್ಲಿ ಬೈಯುವುದು ಎಂದು ತೀರ್ಮಾನಿಸಿದ್ದೇನೆ.

ಏಪ್ರಿಲ್ 20, ಶನಿವಾರ

ಎಲ್ದೋಸ್ ತನ್ನ ಡ್ರೋನ್ ಎಂಬ ನೊಣವನ್ನು ಮನೆಗೇ ತಂದು ತೋರಿಸಿದ. ನಾಲ್ಕು ಮೂಲೆಗೆ ನಾಲ್ಕು ಫ್ಯಾನು, ನಡುವೆ ಒಂದು ಕಣ್ಣು. ಅಂಗಳದಲ್ಲಿ ಮೇಲೆಬ್ಬಿಸಿ ನಿಲ್ಲಿಸಿ, ಎರಡೂ ಕೈ ಮೇಲೆತ್ತಿ ತೋರಿಸಿದ. ಅದು ಗೂಟ ಹೊಡೆದ ಹಾಗೆ ನಿಂತಿತ್ತು. ಜುಪಾರ್ ಚಪ್ಪಾಳೆ ತಟ್ಟಿದಳು. ನನ್ನ ವಿಮಾನಕ್ಕೆ ಅವಳು ಎಂದೂ ಚಪ್ಪಾಳೆ ತಟ್ಟಿದ್ದಿಲ್ಲ.

"ಸುಲಭ ಮಾವ. ಓಡುದಾರಿ ಬೇಡ, ಇಳಿಸೋ ತಲೆನೋವಿಲ್ಲ. ನಮ್ಮ ಅಂಗಳದಲ್ಲೇ ಹಾರಿಸ್ಬಹುದು. ಗಾಳಿ ಬಂದ್ರೆ ಅದೇ ಸರಿಮಾಡ್ಕೊಳ್ಳುತ್ತೆ."

"ಎಲ್ಲಾ ಅದೇ ಮಾಡ್ಕೊಂಡ್ರೆ ನಾನ್ಯಾತಕ್ಕೋ? ಬ್ಯಾಟರಿ ಹೊತ್ಕೊಂಡು ಹೋಗೋಕಾ?"

"ಮೇಲಿಂದ ಊರೆಲ್ಲಾ ನೋಡ್ಬಹುದಲ್ಲ ಮಾವ."

"ಮೇಲಿಂದ ನೋಡಿದ್ರೆ ಮದುಮಗನ ಬೋಳುತಲೆ ಬಿಟ್ಟು ಇನ್ನೇನೋ ಕಾಣುತ್ತೆ?"

ಅವನು ನಕ್ಕ, ಜುಪಾರ್ ನಗಲಿಲ್ಲ. "ಹುಡುಗ ಹೇಳೋದ್ರಲ್ಲಿ ಏನು ತಪ್ಪಿದೆ ರೀ?" ಎಂದಳು. ಹುಡುಗನಂತೆ! ಹೆಂಡತಿ ಮಕ್ಕಳಿರುವ ಮನುಷ್ಯ.

ಅವನಿಗೆ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ವಿಮಾನವನ್ನು ಒಂದು ಗಳಿಗೆ ಮರೆತರೆ ಬೀಳುತ್ತದೆ. ಅದು ಮೇಲಿರುವಷ್ಟು ಹೊತ್ತೂ ನನ್ನ ಬೆರಳ ತುದಿಯಲ್ಲಿರುತ್ತದೆ, ನನ್ನನ್ನು ಕೇಳುತ್ತಿರುತ್ತದೆ. ಕೈ ಬಿಟ್ಟರೂ ಬೀಳದ ವಸ್ತುವಿಗೆ ನನ್ನಿಂದ ಆಗಬೇಕಾದ್ದೇನು? ಹೊಸ ವಿಮಾನವನ್ನೇ ಕಟ್ಟುತ್ತೇನೆ. ಹಳದಿ ಬಣ್ಣದ್ದೇ. ಅಕ್ಟೋಬರ್ ಮೊದಲ ಭಾನುವಾರ, ಕ್ಲಬ್ಬು ಚಳಿಗಾಲಕ್ಕೆ ಬಾಗಿಲು ಹಾಕುವ ಮುಂಚಿನ ಕೊನೆಯ ಹಾರಾಟದಲ್ಲಿ, ಪ್ರತಿ ವರ್ಷದ ಹಾಗೆ ಮೊದಲು ಮೇಲೇಳುವುದು ನನ್ನ ವಿಮಾನವೇ.

ಮೇ 5, ಭಾನುವಾರ

ಅಲ್ಮಾಟಿಯಿಂದ ವಿಮಾನಕ್ಕೆ ಬೇಕಾದ ಹಗುರ ಬಾಲ್ಸಾ ಮರದ ಹಲಗೆಗಳು ಬಂದವು. ಮೂಸಿ ನೋಡಿದೆ. ಈ ಮರಕ್ಕೆ ವಾಸನೆಯೇ ಇಲ್ಲ, ಆದರೂ ಪ್ರತಿಸಲ ಮೂಸುತ್ತೇನೆ.

ಜುಪಾರ್‌ಗೆ ಈಚೆಗೆ ನನ್ನ ಮೇಲೆ ಮರ್ಯಾದೆ ಉಕ್ಕಿ ಹರಿಯುತ್ತಿದೆ. ನಮ್ಮಲ್ಲಿ ಚಹಾದ ಬಟ್ಟಲು ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೋಗು ಎಂದರ್ಥ. ಅರ್ಧ ಕೊಟ್ಟರೆ ಕೂತಿರು, ಮತ್ತೆ ಮತ್ತೆ ಹಾಕುತ್ತೇನೆ ಎಂದರ್ಥ. ಇವಳು ಅರ್ಧಕ್ಕಿಂತಲೂ ಇಳಿದಿದ್ದಾಳೆ. ಹೊಸ ಅಳಿಯನಿಗೆ ಹಾಕುವ ಹಾಗೆ ಹಾಕುತ್ತಿದ್ದಾಳೆ. "ಏನೇ ಇದು, ಇಷ್ಟೊಂದು ಗೌರವ?" ಎಂದರೆ, "ಇರ್ಲಿ ಬಿಡಿ, ವಯಸ್ಸಾಯ್ತಲ್ಲ" ಎಂದು ಮೇಜುಬಟ್ಟೆಯನ್ನು ಒರೆಸಿದಳು.

ಮೇ 26, ಭಾನುವಾರ

ರೆಕ್ಕೆಗೆ ಆಕಾರ ಕೊಡುವ ಪಕ್ಕೆಲುಬುಗಳನ್ನು ಕತ್ತರಿಸುತ್ತಿದ್ದೇನೆ. ಈಗ ಬರುವ ಬ್ಲೇಡುಗಳು ಬರೀ ತಗಡು. ಗೆರೆಯ ಮೇಲೆ ಇಟ್ಟರೆ ಗೆರೆ ಬಿಟ್ಟು ಓಡುತ್ತವೆ. ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದೇನೆ. ಮೂರು ಹಲಗೆ ಹಾಳಾಯಿತು.

ಕಿಮ್ ಬಂದಿದ್ದ. ನೋಡುತ್ತಾ ಕೂತವನು, "ಒಂದು ಸಲ ಯಾರಿಗಾದ್ರೂ ತೋರಿಸ್ಕೊಳ್ಳೋ" ಎಂದ.

"ಏನನ್ನು?"

"ಕಣ್ಣನ್ನು" ಎಂದು ತಡವರಿಸಿದ.

ನನ್ನ ಕಣ್ಣಿಗೆ ಏನೂ ಆಗಿಲ್ಲ. ಕುದಿಯುವ ತಾಮ್ರ ತುಂಬಿದ ಕೊಳಗವನ್ನು ಜನರ ತಲೆಯ ಮೇಲೆ ಸಾಗಿಸಿದವನು ನಾನು. ಒಂದು ಹನಿ ಚೆಲ್ಲಿದ್ದರೆ ಕೆಳಗೆ ಒಬ್ಬ ಸಾಯುತ್ತಿದ್ದ. ಅಷ್ಟು ವರ್ಷ ಒಂದು ಹನಿ ಚೆಲ್ಲಲಿಲ್ಲ. ಹೊಸ ಹುಡುಗರನ್ನು ನನ್ನ ಕ್ಯಾಬಿನ್ನಿಗೆ ಕರೆತಂದು, ಇವನ ಕೈ ನೋಡಿ ಕಲಿಯಿರಿ ಎನ್ನುತ್ತಿದ್ದರು. ಕಿಮ್‌ಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ಹೀಗೆ ಮಾತಾಡಿದರೆ ಹೊಟ್ಟೆ ಉರಿಯುತ್ತದೆ.

ಜೂನ್ 13, ಗುರುವಾರ

ಜುಪಾರ್ ಭುಜದ ಮೇಲಿಂದ ಇಣುಕಿ, "ಯಾಕ್ರೀ ಇರುವೆ ಸಾಲಿನ ಹಾಗೆ ಬರೀತೀರ? ಮೊದಲು ಆನೆ ಹಾಗೆ ಬರೀತಿದ್ರಲ್ಲ" ಎಂದಳು. ಪುಸ್ತಕ ಮುಚ್ಚಿದೆ. ಪುಟ ಉಳಿಸುತ್ತಿದ್ದೇನೆ. ಅದಕ್ಕೂ ಕಾರಣ ಕೊಡಬೇಕೇ?

ಜುಲೈ 8, ಸೋಮವಾರ

ನೆಲ ಕಾದು ಕೆಂಡವಾಗಿದೆ. ಸರೋವರದ ಕಡೆಯಿಂದಲೂ ಬಿಸಿಗಾಳಿ. ಎಲ್ದೋಸ್ ಸಂಜೆ ಹೊತ್ತು ಬರತೊಡಗಿದ್ದಾನೆ. ನಾನು ಕರೆದಿಲ್ಲ. ಹೊಗೆ ಹಾಕಿದ ಮೀನು ತರುತ್ತಾನೆ, ಕೂತು ಮರಳುಕಾಗದ ಉಜ್ಜುತ್ತಾನೆ, ಮದುವೆಮನೆಗಳ ಕಥೆ ಹೇಳುತ್ತಾನೆ. ಮೊನ್ನೆ ಒಂದು ಕಡೆ ಡ್ರೋನ್ ಕೆಳಗಿಳಿಸಿದಾಗ ಹಾಡುಗಾರನ ಟೋಪಿ ಹಾರಿ ಬೀಗಿತ್ತಿಯ ಸಾರಿನ ತಟ್ಟೆಗೆ ಬಿತ್ತಂತೆ. ನಗು ತಡೆಯಲಾಗಲಿಲ್ಲ. ಜುಪಾರ್ ಅಡುಗೆಮನೆಯಿಂದ ಬಂದು ನಮ್ಮಿಬ್ಬರನ್ನೂ ನೋಡಿ ಹೋದಳು.

ಅವನ ಕೈ ಚುರುಕಾಗಿದೆ, ಒಪ್ಪಿಕೊಳ್ಳುತ್ತೇನೆ. ಆದರೆ ಅಂಟು ಹಾಕುವುದನ್ನು ಅವನಿಗೆ ಬಿಟ್ಟಿಲ್ಲ. ಅಂಟು ಹಾಕುವವನದೇ ವಿಮಾನ.

"ಒಳ್ಳೆ ಸೋದರಳಿಯ ಕಣೋ ನೀನು. ನಿನ್ನ ವಯಸ್ಸಿಗೆ ನಾನು ನಮ್ಮ ಸೋದರಮಾವನ ಹತ್ರ ಕುದುರೇನೇ ಕೇಳಿ ತಗೊಂಡಿದ್ದೆ. ನೀನು ಇನ್ನೂ ಒಂದೂ ಕೇಳಿಲ್ಲ" ಎಂದೆ. ನಮ್ಮಲ್ಲಿ ಸೋದರಳಿಯ ಮೂರು ಸಲ ಏನು ಕೇಳಿದರೂ ಮಾವ ಇಲ್ಲ ಎನ್ನುವ ಹಾಗಿಲ್ಲ. ಈ ಪದ್ಧತಿ ಮಾಡಿದವನಿಗೆ ಅಕ್ಕತಂಗಿಯರು ಇರಲಿಲ್ಲವೆಂದು ಕಾಣುತ್ತದೆ.

"ಮೂರೂ ಹಾಗೇ ಇವೆ ಮಾವ, ಬಡ್ಡಿ ಬೆಳೀತಿದೆ" ಎಂದ.

ಆಗಸ್ಟ್ 4, ಭಾನುವಾರ

ಎಡ ರೆಕ್ಕೆಗೆ ಕಾವಿಗೆ ಬಿಗಿಯುವ ಹಳದಿ ಹಾಳೆ ಹೊದಿಸಿ ಇಸ್ತ್ರಿ ಮಾಡೋಣವೆಂದು ಎತ್ತಿಕೊಂಡೆ. ಕಿಟಕಿಯ ಬೆಳಕಿಗೆ ಹಿಡಿದೆ. ಪಕ್ಕೆಲುಬುಗಳು ಒಂದರ ಹಿಂದೆ ಒಂದು ನೆಟ್ಟಗೆ ನಿಂತಿದ್ದವು. ಅಂಟು ಎಲ್ಲೂ ಒಸರಿರಲಿಲ್ಲ.

ಅದು ನಾನು ಅಂಟಿಸಿದ್ದಲ್ಲ. ನಾನು ಅಂಟಿಸಿದ್ದು ನನಗೆ ಗೊತ್ತಾಗುವುದಿಲ್ಲವೇ?

ಎಲ್ದೋಸ್ ಪಕ್ಕದಲ್ಲೇ ಕೂತಿದ್ದ. "ಯಾರು ಬಿಚ್ಚಿದ್ದು ಇದನ್ನ?" ಎಂದೆ.

"ಮಾವ, ಒಂದೆರಡು ಸ್ವಲ್ಪ ವಾರೆಯಾಗಿತ್ತು. ನೀವು ಮಲಗಿದ್ರಿ..."

"ಎಷ್ಟು ಬಿಚ್ಚಿದೆ?"

ಮರಳುಕಾಗದವನ್ನು ಮಡಚತೊಡಗಿದ.

"ಎಷ್ಟೋ?"

"ಎಡಗಡೇದು ಎಲ್ಲಾ, ಮಾವ."

ಹೊಡೆದೆ. ಕೆನ್ನೆಗೆ. ಮೂವತ್ತು ದಾಟಿದ ಗಂಡಸಿಗೆ. ಅವನು ಕೆಳಗೆ ಬಿದ್ದ ಟೋಪಿ ಎತ್ತಿಕೊಂಡು, ಧೂಳು ಕೊಡವಿ, "ಬರ್ತೀನಿ ಅತ್ತೆ" ಎಂದು ಹೋದ.

ಜುಪಾರ್ ಬಾಗಿಲಲ್ಲಿ ನಿಂತಿದ್ದಳು. "ಸೋದರಳಿಯನ ಮೇಲೆ ಕೈ ಎತ್ತಿದ್ರಲ್ರೀ! ಹಾಗೆ ಹೊಡೆದೋರ ಕೈ ನಡುಗುತ್ತೆ ಅಂತ ನಿಮ್ಮಮ್ಮ ಹೇಳ್ತಿರ್ಲಿಲ್ವಾ..." ಎಂದವಳು ಅರ್ಧಕ್ಕೇ ಬಾಯಿ ಮುಚ್ಚಿಕೊಂಡಳು.

ನಾನು ಮಲಗಿರುವಾಗ ನನ್ನ ಕೆಲಸವನ್ನು ತಿದ್ದಿದ್ದಾನೆ. ಎಳೆ ಹುಡುಗನ ಹೋಂವರ್ಕ್ ತಿದ್ದಿದ ಹಾಗೆ.

ಆಗಸ್ಟ್ 5, ಸೋಮವಾರ

ರೆಕ್ಕೆಗೆ ಹಾಳೆ ಹೊದಿಸಿದೆ. ಸುಕ್ಕು ಬಿತ್ತು. ಇಸ್ತ್ರಿಪೆಟ್ಟಿಗೆ ಸರಿಯಿಲ್ಲ.

ಆಗಸ್ಟ್ 11, ಭಾನುವಾರ

ಕುರಿ ಕೊಯ್ಯುವ ಕುರ್ಬಾನ್ ಹಬ್ಬ. ನೆಂಟರೆಲ್ಲ ನಮ್ಮಲ್ಲೇ. ಎಲ್ದೋಸ್ ಬರಲಿಲ್ಲ, ಮದುವೆ ಇದೆಯೆಂದು ಹೇಳಿ ಕಳಿಸಿದ್ದ. ಹಬ್ಬದ ದಿನ ಯಾರು ಮದುವೆ ಇಟ್ಟುಕೊಳ್ಳುತ್ತಾರೆ?

ಕುರಿಯ ತಲೆಯನ್ನು ತಂದು ನನ್ನ ಮುಂದಿಟ್ಟರು. ಈಗ ಮನೆತನಕ್ಕೆ ಹಿರಿಯ ನಾನೇ. ಮೊದಲು ಬಲಗೆನ್ನೆಯಿಂದ ಒಂದು ಚೂರು, ಆಮೇಲೆ ಕಿವಿ ಕತ್ತರಿಸಿ ಮನೆಯ ಚಿಕ್ಕ ಮಗುವಿಗೆ ಕೊಡಬೇಕು. ಚಾಕು ಹಿಡಿದೆ. ಅದು ತಟ್ಟೆಯ ಅಂಚಿಗೆ ತಾಗಿ ಟಕಟಕ ಎನ್ನತೊಡಗಿತು. ಇನ್ನೊಂದು ಕೈಯಿಂದ ಹಿಡಿದುಕೊಂಡೆ. ಎರಡೂ ಕೈ ಸೇರಿ ಟಕಟಕ ಎಂದವು. ಅಷ್ಟು ಜನ ಕೂತ ಕೋಣೆಯಲ್ಲಿ ಆ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಕಿವಿ ಕತ್ತರಿಸಲು ಹೋಗಿ ಚಾಕು ಜಾರಿ ತಟ್ಟೆ ಪಕ್ಕಕ್ಕೆ ಸರಿಯಿತು. ಕಿವಿಗಾಗಿ ಕೈ ಚಾಚಿದ್ದ ಮಗು ಕೈ ಹಿಂದಕ್ಕೆ ಎಳೆದುಕೊಂಡಿತು.

ಆಗ ಶಾರ್ಬಾನು ಎಲ್ಲರ ಮುಂದೆ ಹೇಳಿದಳು: "ನನ್ನ ಮಗನಿಗೆ ಹೊಡೆದ್ಯಲ್ಲ ಅಣ್ಣ. ಅದಕ್ಕೇ ನಿನ್ನ ಕೈ ಹೀಗಾಗಿರೋದು. ಹೋಗಿ ಅವನನ್ನ ಸಮಾಧಾನ ಮಾಡು, ಸರಿಹೋಗುತ್ತೆ."

ಎಲ್ಲರೂ ಹೌದು ಹೌದು ಎಂದರು. ತಲೆಯನ್ನು ನನ್ನ ತಮ್ಮನ ಮುಂದೆ ಸರಿಸಿದರು. ಅವನು ಚಕಚಕ ಕತ್ತರಿಸಿ ಹಂಚಿದ.

ಆಗಸ್ಟ್ 13, ಮಂಗಳವಾರ

ಯೋಚಿಸಿ ನೋಡಿದರೆ ಶಾರ್ಬಾನು ಹೇಳಿದ್ದೇ ಸರಿ. ಕಾರಣ ಸಿಕ್ಕಿತು, ಒಂದು ರೀತಿ ಎದೆ ಹಗುರಾಯಿತು. ಆಗಸ್ಟ್ 4ರ ತನಕ ನನ್ನ ಕೈ ಕಲ್ಲಿನ ಹಾಗಿತ್ತು. ಅವನ ಕೆನ್ನೆಗೆ ಬಿದ್ದ ಮೇಲೇ ಇದು ಶುರುವಾದದ್ದು. ಕೇಳಿದ್ದನ್ನು ಕೊಟ್ಟು ಅವನ ಮನಸ್ಸು ತಿಳಿಯಾಗಿಸಿದರೆ ಮುಗಿಯಿತು. ಅಕ್ಟೋಬರ್‌ಗೆ ಇನ್ನೂ ಬೇಕಾದಷ್ಟು ದಿನ ಇದೆ. ವಿಮಾನವೂ ಮುಗಿಯಿತು, ಒಳಕೋಣೆಯ ಮಂಚದ ಮೇಲೆ ಮಲಗಿದೆ. ಜುಪಾರ್ ಮೂರು ದಿನದಿಂದ ಸೋಫಾದ ಮೇಲೆ.

ಆಗಸ್ಟ್ 17, ಶನಿವಾರ

ಮರ್ಯಾದೆಗೆಂದು ಹೊದಿಸುವ ಹೊಸ ನಿಲುವಂಗಿಯೊಂದನ್ನು ಹಿಡಿದು ಎಲ್ದೋಸ್‌ನ ಸ್ಟುಡಿಯೋಕ್ಕೆ ಹೋದೆ. ಕಂಪ್ಯೂಟರಿನಲ್ಲಿ ಯಾವಳೋ ಮದುಮಗಳನ್ನು ಬೆಳ್ಳಗೆ ಮಾಡುತ್ತಾ ಕೂತಿದ್ದ. ಎದ್ದು ನಿಂತ. ನಿಲುವಂಗಿಯನ್ನು ಅವನ ಹೆಗಲಿಗೆ ಹೊದಿಸಿದೆ. ಅದನ್ನು ಹೊದಿಸುವಾಗಲೂ ಕೈ ನಡುಗಿತು. ಅವನು ಬೇರೆ ಕಡೆ ನೋಡಿದ.

"ನೀವ್ಯಾಕೆ ಬರೋಕೆ ಹೋದ್ರಿ ಮಾವ, ನಾನೇ ಬರ್ತಿದ್ದೆ."

"ಕೈ ಎತ್ತಿದೋನು ನಾನು. ಏನು ಬೇಕೋ ಕೇಳು. ಇಲ್ಲ ಅನ್ನಲ್ಲ."

ಕಂಪ್ಯೂಟರಿನ ಪರದೆ ಆರಿಸಿದ. ಕಾರು ಕೇಳಬಹುದು ಎಂದುಕೊಂಡಿದ್ದೆ. ನನ್ನ ಹತ್ಯಾರುಗಳ ಪೆಟ್ಟಿಗೆ ಕೇಳಬಹುದು. ಮನಸ್ಸಿನಲ್ಲೇ ಎರಡನ್ನೂ ಕೊಟ್ಟುಬಿಟ್ಟಿದ್ದೆ.

"ಹಳದಿ ವಿಮಾನ ಕೊಡಿ ಮಾವ."

"ಇನ್ನೂ ಒಂದು ಸಲಾನೂ ಹಾರಿಲ್ಲ ಕಣೋ ಅದು."

"ಗೊತ್ತು."

"ನಿಂಗೆ ಹಾರಿಸೋಕೆ ಬರಲ್ಲ."

"ಬರಲ್ಲ ಮಾವ."

"ಮತ್ಯಾಕೋ ನಿಂಗೆ?"

"ಕೇಳಿದ್ದೀನಿ ಮಾವ" ಎಂದ.

ಕೆನ್ನೆಗೆ ಬಿದ್ದದ್ದಕ್ಕೆ ಬಡ್ಡಿ ಸಮೇತ ವಸೂಲಿ. ತಿಂಗಳುಗಟ್ಟಲೆ ಪಕ್ಕದಲ್ಲೇ ಕೂತು ಮೀನು ತಿನ್ನಿಸಿ, ನಗಿಸಿ, ಎಲ್ಲಿ ಕೊಯ್ದರೆ ಹೆಚ್ಚು ನೋಯುತ್ತದೆ ಎಂದು ನೋಡಿಕೊಂಡಿದ್ದಾನೆ.

ಆಗಸ್ಟ್ 18, ಭಾನುವಾರ

ಕೊಟ್ಟೆ. ಇಲ್ಲ ಎನ್ನುವಂತಿಲ್ಲ. ಹಿಂದಿನ ಸೀಟಿನಲ್ಲಿ ಕಂಬಳಿ ಹಾಸಿ, ರೆಕ್ಕೆ ಬಿಚ್ಚಿ, ಮಗುವಿನ ಹಾಗೆ ಮಲಗಿಸಿಕೊಂಡು ಹೋದ. ಜುಪಾರ್ ಗೇಟಿನ ತನಕ ಹೋಗಿ ಬೀಳ್ಕೊಟ್ಟಳು. ಒಳಕೋಣೆಯ ಮಂಚ ಖಾಲಿಯಾಯಿತು. ಇನ್ನಾದರೂ ಕೈ ನಿಲ್ಲಬೇಕು.

ಸೆಪ್ಟೆಂಬರ್ 3, ಮಂಗಳವಾರ

ನಿಂತಿಲ್ಲ. ಕೂತಾಗ ತೊಡೆಯ ಮೇಲೆ ತನ್ನ ಪಾಡಿಗೆ ತಾನು ಕುಣಿಯುತ್ತಿರುತ್ತದೆ. ಹೆಬ್ಬೆರಳೂ ತೋರುಬೆರಳೂ ಕಾಣದ ಕಾಳೊಂದನ್ನು ಉರುಳಿಸುತ್ತಿರುವ ಹಾಗೆ.

ನಾನು ನನ್ನ ಪಾಲಿನದ್ದು ಕೊಟ್ಟಿದ್ದೇನೆ. ಪದ್ಧತಿ ತನ್ನ ಪಾಲಿನದ್ದು ಕೊಡಬೇಡವೇ? ಯಾರ ಹತ್ತಿರ ಹೋಗಿ ಜಗಳ ತೆಗೆಯಲಿ?

ಸೆಪ್ಟೆಂಬರ್ 12, ಗುರುವಾರ

ಜುಪಾರ್ ದಮ್ಮಯ್ಯ ಎಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವಳು. ನಡೆಯಿರಿ ಎಂದಳು, ನಡೆದೆ. ತಿರುಗಿ ಎಂದಳು, ತಿರುಗಿದೆ. "ನಡೆಯುವಾಗ ಬಲಗೈ ಬೀಸೋದೇ ಇಲ್ವಲ್ಲ ನೀವು, ಯಾವಾಗಿಂದ?" ಎಂದಳು. ಅದು ನನಗೇ ಗೊತ್ತಿರಲಿಲ್ಲ. ಆಮೇಲೆ ಒಂದು ಹಾಳೆ ಕೊಟ್ಟು, ನಡುವಿನಿಂದ ಶುರುಮಾಡಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತು ಬರೆಯಲು ಹೇಳಿದಳು. ಬರೆದೆ. ಅದು ಚಿಪ್ಪಿನ ಹಾಗಿರಲಿಲ್ಲ, ಹಳೇ ಕಂಬಳಿ ಬಿಚ್ಚಿದ ದಾರದ ಹಾಗಿತ್ತು.

"ಸೋದರಳಿಯನಿಗೆ ಹೊಡೆದೆ, ಅದಕ್ಕೇ" ಎಂದೆ.

ಅವಳು ನಗಲಿಲ್ಲ. ಅವಳ ಮೇಲೆ ಸ್ವಲ್ಪ ಗೌರವ ಬಂತು. "ಯಾವಾಗ ಹೊಡೆದ್ರಿ?" ಎಂದು ಕೇಳಿದಳು.

"ಆಗಸ್ಟ್‌ನಲ್ಲಿ."

"ಇದು ಅದಕ್ಕಿಂತ ತುಂಬಾ ಹಳೇದು ಅಂಕಲ್" ಎಂದಳು. ರೋಗದ ಹೆಸರು ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಮಾತ್ರೆ ಕೊಟ್ಟಿದ್ದಾಳೆ. ರೋಗ ಹೋಗುವುದಿಲ್ಲ, ನಡುಕ ಸ್ವಲ್ಪ ಕಡಿಮೆಯಾಗಬಹುದು ಎಂದಳು. ದಾರಿಯಲ್ಲಿ ಜುಪಾರ್ ನನ್ನ ಬಲಗೈಯನ್ನು ತನ್ನ ಕೋಟಿನ ಜೇಬಿನೊಳಗೆ ಇಟ್ಟುಕೊಂಡು ನಡೆದಳು. ಮದುವೆಯಾದ ಹೊಸತರಲ್ಲಿ ಹಾಗೆ ನಡೆಯುತ್ತಿದ್ದಳು.

ಸೆಪ್ಟೆಂಬರ್ 15, ಭಾನುವಾರ

ಶಾರ್ಬಾನು ಬಂದಳು. ನಿನ್ನ ಮಗ ನನ್ನ ವಿಮಾನವನ್ನು ಏನು ಮಾಡಿದ, ಸ್ಟುಡಿಯೋದ ಗೋಡೆಗೆ ತೂಗುಹಾಕಿದನೋ ಎಂದು ಕುಟುಕಿದೆ.

"ಅವನಿಗೇನು ನಿನ್ನ ವಿಮಾನದ ಆಸೆನಾ ಅಣ್ಣ? ಅತ್ತಿಗೆ ಬಂದು ಅತ್ಕೊಂಡು ಹೇಳಿದ್ರು, ಅದಕ್ಕೇ ಕೇಳಿದ" ಎಂದಳು. ಎಂದವಳೇ ನಾಲಿಗೆ ಕಚ್ಚಿಕೊಂಡಳು.

ಅವಳು ಹೋದ ಮೇಲೆ ಜುಪಾರ್‌ನ ಮುಂದೆ ನಿಂತೆ. "ನೀನಾ?"

"ಹೌದು, ನಾನೇ" ಎಂದಳು. ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ನಾನ್ ಬೇಡ ಅಂದಿದ್ರೆ ಬಿಡ್ತಿದ್ರಾ? ಕಿಮ್ ಹೇಳಿದ್ರೆ ಬಿಡ್ತಿದ್ರಾ? ಅವ್ನು ಬಾಯಿಬಿಟ್ಟು ಕೇಳಿದ್ರೆ ಮಾತ್ರ ನೀವು ಇಲ್ಲ ಅನ್ನಂಗಿಲ್ಲ. ಪಾಪ, ಅವ್ನು ಬೇಡ ಅತ್ತೆ ಬೇಡ ಅತ್ತೆ ಅಂದ. ಮಾವ ನನ್ನ ಮುಖ ನೋಡಲ್ಲ ಅಂದ. ನಾನೇ ಬಿಡ್ಲಿಲ್ಲ."

"ನನ್ನ ವಿಮಾನ ಯಾರಿಗೇನೇ ಮಾಡಿತ್ತು?"

ಚಾಕು ಕೆಳಗಿಟ್ಟಳು. "ಏಪ್ರಿಲ್‌ನಲ್ಲಿ ನಾನೂ ಇದ್ನಲ್ರೀ ಅಲ್ಲಿ. ಆ ತಳ್ಳುಗಾಡಿ ಚಾವಣಿ ಬಟ್ಟೆ ಹರಿದಿತ್ತು. ಹರಿದ ಕಡೆ ಹಳದಿ ಬಣ್ಣ ಮೆತ್ಕೊಂಡಿತ್ತು. ಕಿಮ್ ನಿಮಗೆ ಹೇಳ್ಬೇಡ ಅಂದ್ರು. ಹೇಳಿದ್ರೆ ಇವನು ಸತ್ತೇಹೋಗ್ತಾನೆ ಅಂದ್ರು."

ಅವಳು ಈರುಳ್ಳಿಗೆ ಅಳುತ್ತಿದ್ದಳೋ ಇದಕ್ಕೋ ಗೊತ್ತಾಗಲಿಲ್ಲ. ಊರಿಗೆಲ್ಲ ಗೊತ್ತು. ಕಿಮ್‌ಗೆ ಗೊತ್ತು, ತಂಗಿಗೆ ಗೊತ್ತು, ನನ್ನ ಕೈಯಿಂದ ಪೆಟ್ಟು ತಿಂದವನಿಗೂ ಗೊತ್ತು. ಎಲ್ಲರೂ ಸೇರಿ ನನ್ನನ್ನು ಕಾಪಾಡಿದ್ದಾರೆ. ನನಗೆ ಅದು ಬೇಕಿರಲಿಲ್ಲ.

ಸೆಪ್ಟೆಂಬರ್ 16, ಸೋಮವಾರ

ಏಪ್ರಿಲ್ 14ರ ಪುಟ ತೆಗೆದು ಓದಿದೆ. ಬೇಕಾದಷ್ಟು ಅಂತರ ಇತ್ತು ಎಂದು ನಾನೇ ಬರೆದಿದ್ದೇನೆ. ನನ್ನ ಅಕ್ಷರ ಆಗ ಅಷ್ಟು ದೊಡ್ಡದಿತ್ತೇ?

ಅಕ್ಟೋಬರ್ 5, ಶನಿವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಮಾತ್ರೆಗೆ ಹೊಟ್ಟೆ ತೊಳಸುತ್ತದೆ.

ಎಲ್ದೋಸ್ ಬಂದು ಬಾಗಿಲಲ್ಲೇ ನಿಂತ. ನಾನು ಒಳಗೆ ಬಾ ಎನ್ನಲಿಲ್ಲ.

"ಎರಡನೇದು ಕೇಳೋಕೆ ಬಂದೆ ಮಾವ."

"ಹತ್ಯಾರಿನ ಪೆಟ್ಟಿಗೆ ಅಲ್ಲಿದೆ. ತಗೊಂಡು ಹೋಗು."

"ಪೆಟ್ಟಿಗೆ ಬೇಡ. ನಾಳೆ ನೀವು ಮೈದಾನಕ್ಕೆ ಬರ್ಬೇಕು. ನಾನು ಕೈಗೆ ಏನು ಕೊಡ್ತೀನೋ ಅದನ್ನ ಹಾರಿಸ್ಬೇಕು."

ಬೈಯಲು ಬಾಯಿ ತೆರೆದೆ. ಇಲ್ಲ ಎನ್ನುವ ಹಾಗಿಲ್ಲ. "ಇದೂ ನಿಮ್ಮತ್ತೆ ಹೇಳಿಕೊಟ್ಟಿದ್ದಾ?" ಎಂದೆ.

"ಇಲ್ಲ ಮಾವ, ಇದು ನಂದೇ" ಎಂದ.

ಅಕ್ಟೋಬರ್ 6, ಭಾನುವಾರ

ಹೋದೆ. ಒಣಹುಲ್ಲು, ತೆಳು ಬಿಸಿಲು, ದೂರದಲ್ಲಿ ಕಾರ್ಖಾನೆಯ ಚಿಮಣಿ. ಎಲ್ಲರೂ ಇದ್ದರು. ಎಲ್ಲರೂ ನನ್ನ ಮುಖ ನೋಡಿ ಮಾತಾಡಿದರು, ಕೈ ನೋಡದೆ. ಕಿಮ್‌ನ ಸೊಸೆ ದೂರದಿಂದ ತಲೆಬಾಗಿದಳು. ತಳ್ಳುಗಾಡಿ ಹೊಸದು.

ಹಳದಿ ವಿಮಾನವನ್ನು ಎಲ್ದೋಸ್ ಅಲ್ಲಿಗೆ ತಂದಿದ್ದ. ಪ್ರತಿ ವರ್ಷದ ಹಾಗೆ ಮೊದಲು ಅದೇ ಮೇಲೇಳಬೇಕೆಂದು ಕಿಮ್ ಹೇಳಿದನಂತೆ. ರಿಮೋಟ್ ಕಿಮ್‌ನ ಕೈಯಲ್ಲಿ. ನನ್ನನ್ನು ಒಂದು ಸಲ ನೋಡಿದ. ನಾನು ತಲೆಯಾಡಿಸಿದೆ, ಇನ್ನೇನು ಮಾಡಲಿ? ಅದು ಓಡಿತು, ಬಾಲ ಎತ್ತಿತು, ನೆಲ ಬಿಟ್ಟಿತು. ಕಿಮ್ ರಿಮೋಟಿನ ಕಡ್ಡಿಗಳನ್ನು ಮುಟ್ಟಿದ್ದೇ ಕಡಿಮೆ. ದಾರ ಕಟ್ಟಿ ಎಳೆದ ಹಾಗೆ ನೇರ ಹೋಯಿತು. ಎಡ ರೆಕ್ಕೆ ಒಂದಿಷ್ಟೂ ಜಗ್ಗಲಿಲ್ಲ. ಎಲ್ದೋಸ್ ಬಿಚ್ಚಿ ಅಂಟಿಸಿದ ರೆಕ್ಕೆ. ನಾನು ಅಂಟಿಸಿದಂತೆಯೇ ಬಿಟ್ಟಿದ್ದರೆ ಮೊದಲ ತಿರುವಿಗೇ ಮಗುಚುತ್ತಿತ್ತು, ಅಷ್ಟು ನನಗೂ ಗೊತ್ತಾಗುತ್ತದೆ. ಕೆಳಗೆ ಯಾರು ಯಾರು ನಿಂತಿದ್ದರು ಎಂದು ಒಮ್ಮೆ ಎಣಿಸಿದೆ. ಅದು ಇಳಿದು ನಿಂತಿತು. ಚಂದ ಇತ್ತು. ಇಷ್ಟು ಚಂದದ ವಿಮಾನವನ್ನು ನಾನು ಕಟ್ಟಿಲ್ಲ.

ಆಮೇಲೆ ಎಲ್ದೋಸ್ ತನ್ನ ರಿಮೋಟಿನ ಪಟ್ಟಿಯನ್ನು ನನ್ನ ಕೊರಳಿಗೆ ಹಾಕಿದ. "ಎಡಗಡೆದು ಮೇಲಕ್ಕೆ ತಳ್ಳಿ ಮಾವ. ಸಾಕು, ಬಿಡಿ ಈಗ."

ನೊಣ ಮೇಲೆದ್ದಿತು. ನನ್ನ ಬೆರಳುಗಳು ಕಡ್ಡಿಯ ಮೇಲೆ ಕುಣಿಯುತ್ತಿದ್ದವು, ಅದೂ ಮೇಲೆ ತುಸು ಕುಣಿಯಿತು. "ಬಿಡಿ ಮಾವ, ಪೂರ್ತಿ ಬಿಟ್ಬಿಡಿ" ಎಂದ. ಬಿಟ್ಟೆ. ಎರಡೂ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡೆ. ಬೀಳಲಿ ಎಂದು ಕಾದೆ. ನಿಜ ಹೇಳುತ್ತೇನೆ, ಬೀಳಲಿ ಎಂದೇ ಕಾದೆ. ಅದು ಗಾಳಿಯಲ್ಲಿ ಗೂಟ ಹೊಡೆದ ಹಾಗೆ ನಿಂತಿತ್ತು. ನಾನು ಇಲ್ಲ ಎಂಬುದು ಅದಕ್ಕೆ ಗೊತ್ತಾಗಲೇ ಇಲ್ಲ.

ಎದೆಯ ಮೇಲಿನ ಪರದೆಯಲ್ಲಿ ಮೇಲಿನಿಂದ ಎಲ್ಲ ಕಾಣುತ್ತಿತ್ತು. ಬಿರುಕು ಬಿಟ್ಟ ಓಡುದಾರಿ, ಕಾರುಗಳು, ಚಹಾದ ಮೇಜು, ಮೇಜಿನ ಪಕ್ಕದಲ್ಲಿ ತಲೆಗೆ ಬಿಳಿಯ ಬಟ್ಟೆ ಕಟ್ಟಿಕೊಂಡ ಜುಪಾರ್. ನಡುವೆ ಟೋಪಿ ಹಾಕಿದ ಒಬ್ಬ ಮುದುಕ, ಸ್ವಲ್ಪ ಮುಂದಕ್ಕೆ ಬಾಗಿದ್ದ. ಯಾರೀತ ಎಂದುಕೊಂಡೆ. ಒಂದು ಕೈಯನ್ನು ಜೇಬಿನಿಂದ ತೆಗೆದು ಮೇಲೆತ್ತಿದೆ. ಅವನೂ ಎತ್ತಿದ. ಅಷ್ಟು ಎತ್ತರದಿಂದ ಅವನ ಕೈ ನಡುಗುವುದು ಕಾಣುತ್ತಿರಲಿಲ್ಲ. ಒಂದಿಷ್ಟು ಹೊತ್ತು ಹಾಗೇ ಎತ್ತಿಕೊಂಡು ನಿಂತಿದ್ದೆ.

"ಹೇಗಿದೆ ಮಾವ?" ಎಂದ ಎಲ್ದೋಸ್.

"ದರಿದ್ರ" ಎಂದೆ. ಬ್ಯಾಟರಿ ಮುಗಿಯುವ ತನಕ ರಿಮೋಟನ್ನು ಅವನಿಗೆ ವಾಪಸು ಕೊಡಲಿಲ್ಲ.

ಅಕ್ಟೋಬರ್ 9, ಬುಧವಾರ

ಮೊದಲ ಹಿಮ ಬೀಳುವ ಹಾಗಿದೆ. ಜುಪಾರ್ ಬಟ್ಟಲಿನ ತಳದಲ್ಲಿ ಎರಡು ಗುಟುಕು ಚಹಾ ಹಾಕಿದಳು. ಅದು ಗೌರವಕ್ಕಲ್ಲ, ಚೆಲ್ಲದಿರಲಿ ಎಂದು. ಈಗ ಗೊತ್ತು. ಕುಡಿದೆ. ಮತ್ತೆ ಎರಡು ಗುಟುಕು ಹಾಕಿದಳು. ಅದನ್ನೂ ಕುಡಿದೆ. ಮೇಜುಬಟ್ಟೆ ಒಣಗಿಯೇ ಇತ್ತು.

ಆಮೇಲೆ ಎಲ್ದೋಸ್‌ಗೆ ಫೋನ್ ಮಾಡಿದೆ. ಮೂರನೆಯದನ್ನೂ ಕೇಳಿ ಮುಗಿಸು, ತಲೆಯ ಮೇಲೆ ಭಾರ ಇಟ್ಟುಕೊಳ್ಳುವುದು ನನಗೆ ಆಗುವುದಿಲ್ಲ ಎಂದೆ.

"ಅದು ಇರ್ಲಿ ಮಾವ. ಅವಸರ ಏನಿದೆ?" ಎಂದ.

ಅವಸರ ನನಗಿದೆ ಎಂದು ಹೇಳಲಿಲ್ಲ. ಭಾನುವಾರ ಆ ನೊಣವನ್ನು ತರುತ್ತೀಯಾ ಎಂದು ಕೇಳಿದೆ.